ಬಾಡಿಗೆಯ ಖಡ್ಗ, ದಣಿದ ಕೈ: ಗ್ಲೆನ್ ಕುಕ್ ಅವರ ಕಾದಂಬರಿಗಳಲ್ಲಿ ಹಿಂಸೆಯ ವಿಚಾರ

ಅಮೆರಿಕದ ಲೇಖಕ ಗ್ಲೆನ್ ಕುಕ್ ಅವರ ‘ದಿ ಬ್ಲ್ಯಾಕ್ ಕಂಪನಿ’ ಎಂಬ ಕಾದಂಬರಿ 1984ರಲ್ಲಿ ಪ್ರಕಟವಾಯಿತು. ಅದರ ಎರಡನೆಯ ಭಾಗವಾದ ‘ಶ್ಯಾಡೋಸ್ ಲಿಂಗರ್’ ಅದೇ ವರ್ಷವೂ, ಮೂರನೆಯ ಭಾಗವಾದ ‘ದಿ ವೈಟ್ ರೋಸ್’ 1985ರಲ್ಲಿಯೂ ಹೊರಬಂದವು. ಮಂತ್ರವಾದಿಗಳು, ಶಾಪಗ್ರಸ್ತ ಸಮಾಧಿಗಳು, ಹೆಸರೇ ಕೇಳದ ಸಮುದ್ರಗಳು ಮತ್ತು ನಗರಗಳಿಂದ ಕೂಡಿದ ಕಲ್ಪಿತ ಲೋಕವೊಂದರ ಕಥೆಯಿದು. ಇಂತಹ ಪುಸ್ತಕಗಳು ಇಂದು ಇಂಗ್ಲಿಷ್ ಓದುವ ಮಕ್ಕಳಿರುವ ಜೈನ ಮನೆಗಳಲ್ಲಿಯೂ ಕಾಣಸಿಗುತ್ತವೆ. ಹಿರಿಯರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ: ನೋಡಿಯೂ ನೋಡದಂತಿರುವುದು, ಇಲ್ಲವೆ ಮುಖಪುಟದ ಮೇಲಿನ ಖಡ್ಗವನ್ನು ಕಂಡೊಡನೆ ಪುಸ್ತಕವನ್ನು ಅಟ್ಟಕ್ಕೇರಿಸುವುದು. ಓದಿ ನೋಡಿ ತೀರ್ಮಾನಿಸುವವರು ವಿರಳ. ಆದರೆ ಹಿಂಸೆ ಎಂದರೇನು, ಅದರ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಚರ್ಚಿಸುತ್ತ ಬಂದ ಸಮಾಜಕ್ಕೆ ಈ ಕಾದಂಬರಿಗಳಲ್ಲಿ ವಿಚಾರ ಮಾಡತಕ್ಕ ಸಂಗತಿಗಳು ಬಹಳವಿವೆ.

ಕುಕ್ ಅವರು 1944ರಲ್ಲಿ ಜನಿಸಿದವರು. ಕೆಲಕಾಲ ಅಮೆರಿಕದ ನೌಕಾದಳದಲ್ಲಿದ್ದು, ಆಮೇಲೆ ಸೇಂಟ್ ಲೂಯಿಸ್ ನಗರದಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕಾರು ಜೋಡಣೆಯ ಕಾರ್ಖಾನೆಯಲ್ಲಿ ಅನೇಕ ವರ್ಷ ದುಡಿದವರು. ಅವರ ಕಥೆಗಳಲ್ಲಿ ರಾಜಕುಮಾರರಿಗಿಂತ ಕೂಲಿಯಾಳುಗಳಿಗೆ ಹೆಚ್ಚಿನ ಸ್ಥಾನವಿರುವುದಕ್ಕೆ ಈ ಹಿನ್ನೆಲೆಯೇ ಕಾರಣವಿರಬಹುದು. ಅವರಿಗಿಂತ ಹಿಂದಿನ ಈ ಬಗೆಯ ಕಥೆಗಳು ಬಹುಮಟ್ಟಿಗೆ ಧರ್ಮಪಕ್ಷ, ಅಧರ್ಮಪಕ್ಷಗಳ ಸಂಗ್ರಾಮವನ್ನು ವರ್ಣಿಸುತ್ತಿದ್ದವು. ಕುಕ್ ಅವರು ವರ್ಣಿಸಿದ್ದು ಹಣಕ್ಕಾಗಿ ಅಧರ್ಮಪಕ್ಷದಲ್ಲಿ ನಿಂತ ಸಾಮಾನ್ಯ ಸೈನಿಕರನ್ನು. ಅವರು ದಣಿದವರು. ಇಸ್ಪೀಟು ಆಡುತ್ತ, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ, ಸತ್ತವರನ್ನು ಹೂಳುತ್ತ ಮುಂದಿನ ಊರಿಗೆ ನಡೆಯುವವರು. ದಳದ ವೈದ್ಯನಾದ ಕ್ರೋಕರ್ ಎಂಬಾತನೇ ಅದರ ಇತಿವೃತ್ತ ಲೇಖಕನೂ ಆಗಿದ್ದು, ಕಥೆಯನ್ನು ಅವನೇ ಹೇಳುತ್ತಾನೆ.

ಮೊದಲ ಕಾದಂಬರಿ ಆರಂಭವಾಗುವುದು ಬೆರಿಲ್ ಎಂಬ ಬಂದರು ನಗರದಲ್ಲಿ. ಅಲ್ಲಿಯ ಆಡಳಿತ ಕೊಳೆತುಹೋಗಿದೆ. ಪಂಗಡಗಳು ಬೀದಿಗಳಲ್ಲಿ ಕಾದಾಡುತ್ತಿವೆ. ದಳದ ಸೈನಿಕರಿಗೆ ಪಾನಗೃಹವೊಂದರಲ್ಲಿ ವಿಷವಿಕ್ಕಲಾಗಿದೆ. ಸಿಂಡಿಕ್ ಎಂಬ ಬಿರುದಿನ ಅಲ್ಲಿಯ ಅಧಿಪತಿಗೆ ರಕ್ಷಣೆ ನೀಡುವೆವೆಂದು ದಳ ಕರಾರು ಮಾಡಿಕೊಂಡಿದೆ. ಮುಳುಗುತ್ತಿರುವ ಈ ನಗರವನ್ನು ಬಿಟ್ಟುಹೋಗಲು ಎಲ್ಲರಿಗೂ ಆಸೆ; ಆದರೆ ಕೊಟ್ಟ ಮಾತನ್ನು ಮುರಿಯಬಾರದೆಂಬುದು ದಳದ ಪರಂಪರೆ. ಆಗ ಕ್ಯಾಪ್ಟನ್ ಒಂದು ಉಪಾಯವನ್ನು ಹುಡುಕುತ್ತಾನೆ. ಸಿಂಡಿಕ್ ಜೀವಂತವಿರುವವರೆಗೆ ಮಾತ್ರ ಕರಾರು. ನಗರದಲ್ಲಿ ಚಿರತೆಯ ರೂಪದ ಮಾಂತ್ರಿಕ ಮೃಗವೊಂದು ಸಂಚರಿಸುತ್ತಿದೆ. ಅದಕ್ಕೆ ಅರಮನೆಯ ದಾರಿ ತೆರೆದುಕೊಂಡರೆ ಸಾಕು. ದಳದ ಒಬ್ಬನೂ ಸಿಂಡಿಕ್‌ನ ಮೇಲೆ ಕತ್ತಿಯೆತ್ತುವುದಿಲ್ಲ, ಸಿಂಡಿಕ್ ಸಾಯುತ್ತಾನೆ, ದಳ ಹೊಸ ಒಡೆಯನ ಹಡಗನ್ನೇರುತ್ತದೆ.

ಈ ಪ್ರಸಂಗವನ್ನು ಓದಿದ ಜೈನ ಓದುಗನಿಗೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ಪದಗಳು ನೆನಪಾಗದಿರಲಾರವು. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವನನ್ನು ಒಪ್ಪಿಕೊಂಡದ್ದು ಮೂರೂ ಕರ್ಮಾಸ್ರವಕ್ಕೆ ಕಾರಣಗಳೇ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಕ್ರಮದಲ್ಲಿ ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳನ್ನು ಮನೋವಾಕ್ಕಾಯಗಳಿಂದಲೂ, ಕೃತಾದಿ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಈ ಲೆಕ್ಕವನ್ನು ನೆನೆಯುವವರು ಎಷ್ಟು ಮಂದಿಯೋ! ಕ್ಯಾಪ್ಟನ್‌ನ ಉಪಾಯ ಈ 108ರಲ್ಲಿ ಎಲ್ಲಿಯೂ ತಪ್ಪಿಸಿಕೊಳ್ಳಲಾರದು. ಕೈ ಶುದ್ಧವಾಗಿದೆ, ಮನಸ್ಸು ಕೊಂದಿದೆ. ಇದಕ್ಕಿಂತಲೂ ಸೂಕ್ಷ್ಮವಾದದ್ದೆಂದರೆ ಇಲ್ಲಿ ಹಿಂಸೆಗೆ ಹೊದಿಸಿದ ಬಟ್ಟೆ ಸತ್ಯದ್ದು. ಕರಾರಿನ ಅಕ್ಷರ ಉಳಿಯಲೆಂದೇ ಕರಾರು ಮಾಡಿಕೊಂಡವನನ್ನು ಸಾಯಗೊಡಲಾಗಿದೆ. ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನು ಜನ್ಮಜನ್ಮಾಂತರಗಳಲ್ಲಿ ತೊಳಲಿದ. ಅಲ್ಲಿ ಯಾವ ಜೀವವೂ ಹೋಗಿರಲಿಲ್ಲ, ಸಂಕಲ್ಪವೊಂದೇ ಸಾಕಾಗಿತ್ತು. ಬೆರಿಲ್‌ನಲ್ಲಾದರೋ ಸಂಕಲ್ಪವೂ ಇದೆ, ಹೆಣವೂ ಇದೆ. ಇಲ್ಲದಿರುವುದು ಕೊಂದವನ ಹೆಸರು ಮಾತ್ರ.

ಕುಕ್ ಅವರ ಹೆಚ್ಚುಗಾರಿಕೆಯೆಂದರೆ ಈ ಉಪಾಯವನ್ನು ಅವರು ಜಾಣತನವೆಂದು ಮೆರೆಸುವುದಿಲ್ಲ. ಕ್ರೋಕರ್‌ಗೆ ಅದು ಚುಚ್ಚುತ್ತದೆ. ಆದರೆ ಚುಚ್ಚಿದ ಮುಳ್ಳನ್ನು ಅವನು ಕೀಳುವುದೂ ಇಲ್ಲ. ಅದರೊಡನೆಯೇ ನಡೆಯಲು ಕಲಿಯುತ್ತಾನೆ. ಮೂರು ಸಂಪುಟಗಳ ಗುಣವೂ ದೋಷವೂ ಇದರಲ್ಲಿಯೇ ಅಡಗಿವೆ.

ಕರಾರಿನ ಸೈನಿಕರು ಕೇವಲ ಕಲ್ಪನೆಯ ಸೃಷ್ಟಿಯಲ್ಲ. ಹದಿನಾಲ್ಕನೆಯ ಶತಮಾನದ ಇಟಲಿಯ ನಗರಗಳು ಇಂತಹ ದಳಗಳನ್ನು ಬಾಡಿಗೆಗೆ ಪಡೆದು ಪರಸ್ಪರ ಕಾದಾಡುತ್ತಿದ್ದವು. ಇಂಗ್ಲೆಂಡಿನ ಜಾನ್ ಹಾಕ್‌ವುಡ್ ಎಂಬ ದಳಪತಿ ಪೀಸಾ, ಪೋಪ್, ಮಿಲಾನ್, ಫ್ಲಾರೆನ್ಸ್ ಹೀಗೆ ಒಬ್ಬರಾದ ಮೇಲೊಬ್ಬರ ಪರವಾಗಿ ಹೋರಾಡಿದ. 1377ರಲ್ಲಿ ಚೆಸೇನಾ ಪಟ್ಟಣದಲ್ಲಿ ನಡೆದ ಭೀಕರ ಹತ್ಯಾಕಾಂಡದಲ್ಲಿ ಅವನ ಸೈನಿಕರೂ ಇದ್ದರು. ಆಜ್ಞೆ ಕೊಟ್ಟವನು ಪೋಪರ ಪ್ರತಿನಿಧಿಯಾದ ಕಾರ್ಡಿನಲ್. ಅದೇ ಹಾಕ್‌ವುಡ್ 1394ರಲ್ಲಿ ತೀರಿಕೊಂಡಾಗ ಫ್ಲಾರೆನ್ಸ್ ನಗರ ಅವನಿಗೆ ವೈಭವದ ಅಂತ್ಯಕ್ರಿಯೆ ನಡೆಸಿತು. 1436ರಲ್ಲಿ ಉಚ್ಚೆಲ್ಲೋ ಎಂಬ ಚಿತ್ರಕಾರ ಕುದುರೆಯೇರಿದ ಅವನ ಚಿತ್ರವನ್ನು ಅಲ್ಲಿಯ ಮಹಾದೇವಾಲಯದ ಗೋಡೆಯ ಮೇಲೆ ಬರೆದ. ಆಜ್ಞೆ ಕೊಟ್ಟವನದು ಹೊಣೆ, ಕೂಲಿ ಪಡೆದವನದು ಕೆಲಸ ಎಂಬ ಹಂಚಿಕೆ ನಗರಗಳಿಗೆ ಬಹಳ ಅನುಕೂಲವಾದದ್ದು. ಕರ್ಮಸಿದ್ಧಾಂತಕ್ಕೆ ಈ ಹಂಚಿಕೆ ತಿಳಿಯದು. ಒಬ್ಬನು ಮಾಡಿದ ಹಿಂಸೆಯ ಫಲವನ್ನು ಅನೇಕರು ಉಣ್ಣುವುದುಂಟು, ಅನೇಕರು ಮಾಡಿದ್ದರ ಫಲವನ್ನು ಒಬ್ಬನೇ ಉಣ್ಣುವುದುಂಟು ಎಂದು ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಪ್ರತಿಪಾದಿಸಿದ್ದಾರೆ. ಭಾವವೇ ಅಲ್ಲಿ ಅಳತೆಗೋಲು, ಆಜ್ಞಾಪತ್ರವಲ್ಲ.

ಹಾಗೆಂದು ಆಯುಧ ಹಿಡಿದವರನ್ನೆಲ್ಲ ಜೈನಧರ್ಮವು ಒಂದೇ ಮಾತಿನಲ್ಲಿ ತಿರಸ್ಕರಿಸಿತೆಂದು ಭಾವಿಸುವುದು ತಪ್ಪಾಗುತ್ತದೆ. ಆದಿತೀರ್ಥಂಕರರು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿ ಮೊದಲನೆಯದು. ಮಸಿ, ಕೃಷಿಗಳು ಆಮೇಲೆ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ಉದ್ಯೋಗೀ, ಆರಂಭೀ, ವಿರೋಧೀ ಹಿಂಸೆಗಳು ಅನಿವಾರ್ಯವಾದಷ್ಟು ಮಟ್ಟಿಗೆ ಸಹ್ಯ, ಆದರೆ ಪುಣ್ಯವಲ್ಲ. ಗೊಮ್ಮಟೇಶ್ವರನ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯ ಗಂಗರ ಸೇನಾಪತಿ. 978ರಲ್ಲಿ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದವನೂ ಅವನೇ. ಅವನು ಸೇವಿಸಿದ ಗಂಗ ಅರಸ ಮಾರಸಿಂಹನು ಅನೇಕ ಯುದ್ಧಗಳನ್ನು ಮಾಡಿ, ಕೊನೆಗೆ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟದ್ದನ್ನು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಇವರ ಖಡ್ಗಕ್ಕೆ ಒಂದು ನಾಡಿತ್ತು, ಒಂದು ಮಿತಿಯಿತ್ತು, ಅದನ್ನು ಕೆಳಗಿಡುವ ದಿನವೂ ಇತ್ತು. ಬ್ಲ್ಯಾಕ್ ಕಂಪನಿಯ ಖಡ್ಗಕ್ಕೆ ಇವು ಮೂರೂ ಇಲ್ಲ. ಯಾರನ್ನು, ಯಾಕೆ ಎಂದು ಕೇಳುವ ವಿವೇಕವನ್ನೇ ಅದು ಮೊದಲು ಮಾರಿಬಿಟ್ಟಿದೆ. ಉಳಿದದ್ದೆಲ್ಲ ಆ ಮಾರಾಟದ ಬಡ್ಡಿ.

ಈಗ ದಣಿವಿನ ಮಾತು. ಈ ಕಾದಂಬರಿಗಳನ್ನು ಮೆಚ್ಚಿದವರೆಲ್ಲ ಹೊಗಳುವುದು ಅವುಗಳ ದಣಿದ ಧ್ವನಿಯನ್ನೇ. ವೀರಾವೇಶವಿಲ್ಲ, ಧ್ವಜವಂದನೆಯಿಲ್ಲ, ಎಲ್ಲವನ್ನೂ ಕಂಡು ಬೇಸತ್ತವನ ತಣ್ಣನೆಯ ಮಾತು. ಎಳೆಯ ಓದುಗನಿಗೆ ಇದು ಜ್ಞಾನದಂತೆ, ಒಂದು ಬಗೆಯ ವೈರಾಗ್ಯದಂತೆಯೇ ಕಂಡರೆ ಅಚ್ಚರಿಯಿಲ್ಲ. ವಿಮರ್ಶೆ ಎಚ್ಚರದಿಂದಿರಬೇಕಾದ ಸ್ಥಳ ಇದು. ಬಾಹುಬಲಿಗೆ ವೈರಾಗ್ಯ ಬಂದದ್ದು ಸೋತು ಸುಣ್ಣವಾದಾಗ ಅಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದು, ತೋಳಿನಲ್ಲಿ ಬಲ ತುಂಬಿರುವಾಗ. ಗೆದ್ದದ್ದನ್ನು ಬಿಡುವುದು ನಿರ್ವೇದ. ಕ್ರೋಕರ್ ಏನನ್ನೂ ಬಿಡುವುದಿಲ್ಲ. ಅವನು ದಣಿದಿದ್ದಾನೆ, ಆದರೂ ಮರುದಿನ ಬೆಳಗ್ಗೆ ಎದ್ದು ಅದೇ ಸಾಲಿನಲ್ಲಿ ನಿಲ್ಲುತ್ತಾನೆ. ಶಾಸ್ತ್ರದಲ್ಲಿ ಈ ಸ್ಥಿತಿಗೆ ಹೆಸರಿದೆ: ಪ್ರಮಾದ. ವಿಕಥೆ, ಕಷಾಯ, ಇಂದ್ರಿಯ, ನಿದ್ರೆ, ಸ್ನೇಹ ಎಂದು ಎಣಿಸುವ ಪ್ರಮಾದದ ಭೇದಗಳನ್ನು ಕೈಯಲ್ಲಿ ಹಿಡಿದು ಈ ದಳದ ದಿನಚರಿಯನ್ನು ಓದಿದರೆ ಒಂದೂ ಬಿಟ್ಟುಹೋಗದು. ಅದರಲ್ಲಿಯೂ ಸ್ನೇಹ. ದಳದ ಸೈನಿಕರು ಪರಸ್ಪರ ಸೋದರರೆಂದೇ ಕರೆದುಕೊಳ್ಳುತ್ತಾರೆ. ಸೋದರನಿಗಾಗಿ ಪ್ರಾಣ ಕೊಡುತ್ತಾರೆ. ಓದುಗನ ಕಣ್ಣು ತೇವವಾಗುತ್ತದೆ. ಆ ತೇವದಲ್ಲಿ ದಳದ ಹೊರಗಿನ ಸತ್ತವರು ಮಸುಕಾಗುತ್ತಾರೆ.

ಎರಡನೆಯ ಸಂಪುಟವಾದ ‘ಶ್ಯಾಡೋಸ್ ಲಿಂಗರ್’ ಈ ಮೂರರಲ್ಲಿ ಶ್ರೇಷ್ಠವಾದದ್ದು. ಇದರಲ್ಲಿ ಅರ್ಧಭಾಗ ಕ್ರೋಕರ್‌ನ ಮಾತು. ಉಳಿದರ್ಧ ಜೂನಿಪರ್ ಎಂಬ ಉತ್ತರದ ಶೀತಲ ನಗರದಲ್ಲಿ ಮುರುಕು ಪಾನಗೃಹವನ್ನು ನಡೆಸುವ ಮ್ಯಾರನ್ ಶೆಡ್ ಎಂಬ ಬಡವನ ಕಥೆ. ಶೆಡ್ ಸೈನಿಕನಲ್ಲ, ಶೂರನಲ್ಲ, ಕೆಟ್ಟವನೂ ಅಲ್ಲ. ಕಣ್ಣು ಕಾಣದ ತಾಯಿ, ತೀರದ ಸಾಲ, ಕ್ರೇಜ್ ಎಂಬ ಬಡ್ಡಿ ವ್ಯಾಪಾರಿಯ ಗೂಂಡಾಗಳ ಭಯ, ಚಳಿಗಾಲಕ್ಕೆ ಸಾಲದ ಸೌದೆ ಇವು ಅವನ ಲೋಕ. ನಗರದ ಹೊರಗಿನ ಬೆಟ್ಟದ ಮೇಲೆ ಕರಿಯ ಕೋಟೆಯೊಂದು ತಾನೇ ತಾನಾಗಿ ಬೆಳೆಯುತ್ತಿದೆ. ಅದು ಹೆಣಗಳನ್ನು ಕೊಳ್ಳುತ್ತದೆ. ಒಳ್ಳೆಯ ಬೆಲೆ ಕೊಡುತ್ತದೆ.

ಶೆಡ್‌ನ ಪತನವನ್ನು ಕುಕ್ ಅವರು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಬಗೆ ಯಾವ ಶ್ರಾವಕಾಚಾರದ ವ್ಯಾಖ್ಯಾನಕ್ಕೂ ಉದಾಹರಣೆಯಾಗಬಲ್ಲದು. ಮೊದಲಿಗೆ ಅವನಿಗೆ ಗೊತ್ತಾಗುವುದು ತನ್ನ ಪಾನಗೃಹದಲ್ಲಿ ಇಳಿದುಕೊಂಡ ರೇವನ್ ಎಂಬಾತ ಈ ವ್ಯಾಪಾರ ಮಾಡುತ್ತಿದ್ದಾನೆಂದು. ತಿಳಿದೂ ಸುಮ್ಮನಿರುತ್ತಾನೆ, ಇದು ಅನುಮೋದನೆ. ಆಮೇಲೆ ಸಾಲದ ಅವಧಿ ಮುಗಿಯುತ್ತ ಬಂದಾಗ ತಾನೂ ಕೈಜೋಡಿಸುತ್ತಾನೆ. ಹೇಗೂ ಸತ್ತವರಲ್ಲವೆ, ಅವರಿಗೇನು ನೋವು ಎಂಬ ಸಮಾಧಾನ ಆಗ ಇರುತ್ತದೆ. ಕೋಟೆ ಜೀವಂತರನ್ನೂ ಕೊಳ್ಳುತ್ತದೆಂದು ತಿಳಿದಾಗ ಮೊದಲು ಒಯ್ಯುವುದು ತನಗೆ ಕೇಡು ಬಗೆದವರನ್ನು. ಅವರು ದುಷ್ಟರಲ್ಲವೆ ಎಂಬ ಮಾತು ಮನಸ್ಸಿಗೆ ಸಾಕಾಗುತ್ತದೆ. ಸಾಲ ತೀರುತ್ತದೆ. ಆದರೆ ಕೈ ನಿಲ್ಲುವುದಿಲ್ಲ. ಕೈಯಲ್ಲಿ ಹಣವಾಡತೊಡಗಿದ ಮೇಲೆ ಖರ್ಚು ಬೆಳೆದಿದೆ, ಗುಟ್ಟನ್ನು ತಿಳಿದವರು ಹುಟ್ಟಿಕೊಂಡಿದ್ದಾರೆ, ಅವರ ಬಾಯಿ ಮುಚ್ಚಿಸಬೇಕಾಗಿದೆ. ಪ್ರತಿಯೊಂದು ಸಲವೂ ಇದೇ ಕೊನೆಯದೆಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಪ್ರತಿಯೊಂದು ಸಲವೂ ಅದು ಪ್ರಾಮಾಣಿಕವಾದ ಮಾತೇ. ಭಯ ಲೋಭವಾಗಿ, ಲೋಭ ಮಾಯೆಯಾಗಿ ಮಾರ್ಪಡುವ ಕ್ರಮವನ್ನು ಇಷ್ಟು ನಿಧಾನವಾಗಿ, ಇಷ್ಟು ಕರುಣೆಯಿಂದ ತೋರಿಸಿದ ಕಾದಂಬರಿಗಳು ಹೆಚ್ಚಿಲ್ಲ. ವ್ಯಾಪಾರವೇ ವೃತ್ತಿಯಾಗಿರುವ ಮನೆಗಳಲ್ಲಿ ಇದನ್ನು ಓದುವವರಿಗೆ ಹೆಣದ ವ್ಯಾಪಾರ ದೂರದ್ದೆನಿಸಬಹುದು. ಸಾಲದ ಅವಧಿ, ಒಂದೇ ಒಂದು ಸಲ, ಆಮೇಲೆ ಲೆಕ್ಕ ಸರಿಪಡಿಸೋಣ ಎಂಬ ಮಾತುಗಳು ದೂರದವಲ್ಲ.

ರೇವನ್‌ನ ವಿಷಯ ಇನ್ನೂ ತೊಡಕಿನದು. ಮೊದಲ ಸಂಪುಟದಲ್ಲಿ ಅವನು ಸೈನಿಕರ ಕ್ರೌರ್ಯಕ್ಕೆ ಸಿಕ್ಕಿದ್ದ ಕಿವಿ ಕೇಳದ, ಮಾತು ಬಾರದ ಬಾಲಕಿಯೊಬ್ಬಳನ್ನು ಬಿಡಿಸಿ ಮಗಳಂತೆ ಸಾಕಿದವನು. ಆಕೆಯ ಹೆಸರು ಡಾರ್ಲಿಂಗ್. ಆಕೆಯನ್ನು ಶತ್ರುಗಳ ಕೈಗೆ ಸಿಗದಂತೆ ದೂರ ಒಯ್ಯಲು ಅವನಿಗೊಂದು ಹಡಗು ಬೇಕು, ಹಡಗಿಗೆ ಹಣ ಬೇಕು, ಹಣಕ್ಕಾಗಿ ಹೆಣ. ಒಂದು ಜೀವಕ್ಕೆ ಕೊಟ್ಟ ಅಭಯದಾನದ ಬೆಲೆಯನ್ನು ಅವನು ಅನ್ಯರ ದೇಹಗಳಲ್ಲಿ ತೆರುತ್ತಾನೆ. ಆ ಕೋಟೆ ಬೆಳೆದು ಪೂರ್ಣವಾದರೆ ಲೋಕವನ್ನೇ ನುಂಗುವ ಪುರಾತನ ದುಷ್ಟನೊಬ್ಬ ಹೊರಬರುವನೆಂಬುದು ಅವನಿಗೆ ತಿಳಿದಿರಲಿಲ್ಲ. ತಿಳಿಯದೆ ಮಾಡಿದ್ದರಿಂದ ಹೊಣೆ ಹಗುರವಾಗುವುದೆ? ಯತ್ನಾಚಾರವಿಲ್ಲದವನಿಗೆ ಅಜ್ಞಾನ ರಕ್ಷೆಯಲ್ಲವೆಂಬುದು ಆಗಮದ ನಿಲುವು. ಹೆಣ ಕೊಳ್ಳುವವನು ಯಾಕೆ ಕೊಳ್ಳುತ್ತಾನೆಂದು ರೇವನ್ ಒಮ್ಮೆಯೂ ಕೇಳಲಿಲ್ಲ. ಕಾದಂಬರಿಕಾರರೂ ಅವನನ್ನು ಸುಲಭವಾಗಿ ಕ್ಷಮಿಸಿಲ್ಲವೆಂಬುದು ಮೆಚ್ಚತಕ್ಕ ಮಾತು.

ಜೂನಿಪರ್ ನಗರದ ಇನ್ನೊಂದು ಸಂಗತಿಯನ್ನು ಬಸದಿಗಳ ಆಡಳಿತ ನೋಡುವವರು ವಿಶೇಷವಾಗಿ ಗಮನಿಸಬಹುದು. ಆ ನಗರದ ಶ್ರದ್ಧೆಯೆಲ್ಲ ಮೃತರ ಮೇಲಿದೆ. ಸತ್ತವರ ದೇಹಗಳನ್ನು ಪರಲೋಕಯಾತ್ರೆಯ ದಿನಕ್ಕಾಗಿ ನೆಲಮಾಳಿಗೆಗಳಲ್ಲಿ ಭಕ್ತಿಯಿಂದ ಕಾಪಾಡುತ್ತಾರೆ. ಅದಕ್ಕೆಂದೇ ನೇಮಕವಾದ ಪಾಲಕರಿದ್ದಾರೆ, ಬೇಲಿಯಿದೆ, ಕಾವಲಿದೆ. ಬೇಲಿಯ ಈಚೆ ಬಡವರ ಕೇರಿಯಲ್ಲಿ ಜನ ಚಳಿಗೆ ಸೆಟೆದು ಸಾಯುತ್ತಾರೆ. ಆಸಾ ಎಂಬ ನಿರ್ಗತಿಕ ಆ ಪವಿತ್ರ ಆವರಣದಿಂದ ಸೌದೆ ಆಯ್ದು ತಂದು ಮಾರಿ ಹೊಟ್ಟೆ ಹೊರೆಯುತ್ತಾನೆ. ಹೆಣಗಳ ಕಳವು ಬಯಲಾದಾಗ ನಗರಕ್ಕೆ ಸಿಡಿಲೆರಗಿದಂತಾಗುತ್ತದೆ; ಬದುಕಿದ್ದವರು ಕಾಣೆಯಾದಾಗ ಯಾರೂ ಅಷ್ಟು ಕಂಗೆಟ್ಟಿರಲಿಲ್ಲ. ಕುಕ್ ಅವರು ಇದರ ಮೇಲೆ ಯಾವ ಉಪದೇಶವನ್ನೂ ಮಾಡದೆ ಮುಂದೆ ಸಾಗುತ್ತಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಹೇಳಿದ ಆಚಾರ್ಯರು ಕಲ್ಲುಗಾರೆಯನ್ನು ಆ ಪಟ್ಟಿಯಲ್ಲಿ ಸೇರಿಸಲಿಲ್ಲವೆಂಬುದನ್ನು ಇಲ್ಲಿ ಬೇರೆಯಾಗಿ ಹೇಳಬೇಕಾಗಿಲ್ಲ.

ಕಾದಂಬರಿಗಳ ದೊಡ್ಡ ಕೊರತೆ ಇತಿವೃತ್ತ ಲೇಖನದಲ್ಲಿದೆ. ಕ್ರೋಕರ್ ಬರೆಯುವ ಗ್ರಂಥವನ್ನು ದಳದಲ್ಲಿ ಗಟ್ಟಿಯಾಗಿ ಓದುವ ಸಂಪ್ರದಾಯವಿದೆ. ಸೈನಿಕರಿಗೆ ಅದೇ ಶಾಸ್ತ್ರಪಠಣ. ಅವನೇ ಒಂದೆಡೆ ಒಪ್ಪಿಕೊಳ್ಳುವಂತೆ, ತನ್ನ ಸೋದರರ ಕ್ರೌರ್ಯಗಳನ್ನು ಅವನು ಪೂರ್ತಿಯಾಗಿ ದಾಖಲಿಸುವುದಿಲ್ಲ. ಅವರು ತನ್ನ ಮನೆಯವರೆಂಬುದು ಅವನು ಕೊಡುವ ಕಾರಣ. ಗುರುವಿನ ಮುಂದೆ ಮಾಡುವ ಆಲೋಚನೆಗೆ ಹತ್ತು ದೋಷಗಳನ್ನು ಹೇಳಿದ್ದಾರೆ. ಇತರರು ಕಂಡ ತಪ್ಪನ್ನಷ್ಟೇ ಹೇಳುವುದು ದೃಷ್ಟ ದೋಷ; ದೊಡ್ಡದನ್ನು ಹೇಳಿ ಚಿಕ್ಕದನ್ನು ಮುಚ್ಚುವುದು ಬಾದರ; ಚಿಕ್ಕದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. ಕ್ರೋಕರ್‌ನ ಬರಹದಲ್ಲಿ ಈ ಮೂರೂ ಇವೆ. ತಾನು ಮರೆಮಾಡಿದ್ದೇನೆಂದು ಹೇಳಿಕೊಳ್ಳುವ ಅವನ ಪ್ರಾಮಾಣಿಕತೆ ಓದುಗನಿಗೆ ಹಿಡಿಸುತ್ತದೆ; ಆ ಹಿಡಿಸುವಿಕೆಯಲ್ಲಿ ಮರೆಯಾದದ್ದೇನೆಂಬ ಪ್ರಶ್ನೆ ಕರಗಿಹೋಗುತ್ತದೆ. ಪ್ರತಿಕ್ರಮಣವಿಲ್ಲದ ಆಲೋಚನೆ ಇದು. ಶೆಡ್‌ನ ಅಧ್ಯಾಯಗಳು ಶ್ರೇಷ್ಠವಾಗಿರುವುದಕ್ಕೆ ಕಾರಣವೂ ಇಲ್ಲಿಯೇ ಸಿಗುತ್ತದೆ: ಅಲ್ಲಿ ಕಥೆ ಹೇಳುವವನು ಸೋದರನಲ್ಲ, ಮುಚ್ಚಿಡಲು ಅವನಿಗೆ ಏನೂ ಇಲ್ಲ.

ಹಾಗಾದರೆ ಇಂತಹ ಗ್ರಂಥವನ್ನು ಓದುವುದು ದುಃಶ್ರುತಿಯಾಗುವುದೆ? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಭೇದಗಳಲ್ಲಿ ಅದನ್ನೂ ಒಂದಾಗಿ ಗಣಿಸಿದ್ದಾರೆ. ಚಿತ್ತವನ್ನು ರಾಗದ್ವೇಷಾದಿಗಳಿಂದ ಕಲುಷಿತಗೊಳಿಸುವ ಕಥೆಗಳ ಶ್ರವಣ ಅದರ ಲಕ್ಷಣ. ಯುದ್ಧದ ವಸ್ತುವಿರುವ ಮಾತ್ರಕ್ಕೆ ಕೃತಿ ದುಃಶ್ರುತಿಯಾಗುವುದಾದರೆ ಪಂಪ, ರನ್ನರನ್ನು ಕಪಾಟಿನಿಂದ ಇಳಿಸಬೇಕಾದೀತು. ವಸ್ತುವಿಗಿಂತ ಓದಿನ ನಂತರ ಮನಸ್ಸಿನಲ್ಲಿ ಉಳಿಯುವುದೇನು ಎಂಬುದು ಮುಖ್ಯ. ಕುಕ್ ಅವರ ಬರಹದಲ್ಲಿ ಕೊಲ್ಲುವುದರ ಸವಿಯಿಲ್ಲ. ಯುದ್ಧಗಳನ್ನು ಅವರು ಎರಡು ಮೂರು ವಾಕ್ಯಗಳಲ್ಲಿ ಮುಗಿಸುತ್ತಾರೆ. ಗಾಯಾಳುಗಳ ನರಳಿಕೆಗೆ, ಮಳೆಗೆ, ಹಸಿವಿಗೆ ಹೆಚ್ಚು ಪುಟಗಳನ್ನು ಕೊಡುತ್ತಾರೆ. ಅವರ ಪ್ರಭಾವದಿಂದ ಹುಟ್ಟಿದ ಮುಂದಿನ ಅನೇಕ ಇಂಗ್ಲಿಷ್ ಕಾದಂಬರಿಗಳ ವಿಷಯದಲ್ಲಿ ಇದೇ ಮಾತನ್ನು ಹೇಳುವಂತಿಲ್ಲ. ಅಲ್ಲಿ ಕ್ರೌರ್ಯ ಅಲಂಕಾರವಾಗಿಬಿಟ್ಟಿದೆ. ಮೂರನೆಯ ಸಂಪುಟದಲ್ಲಿ ದಳ ತನ್ನ ದುಷ್ಟ ಒಡತಿಯನ್ನು ತೊರೆದು ಡಾರ್ಲಿಂಗ್‌ಳ ಪಕ್ಷದಲ್ಲಿ ನಿಂತಿರುತ್ತದೆ. ಪಕ್ಷ ಬದಲಾಯಿತು, ಖಡ್ಗ ಬದಲಾಗಲಿಲ್ಲ. ಆ ಸಂಪುಟ ಮೊದಲೆರಡರಷ್ಟು ನಾಟದಿರುವುದಕ್ಕೆ ಇದೂ ಒಂದು ಕಾರಣ.

ಹದಿನಾರು, ಹದಿನೇಳರ ಮಕ್ಕಳು ಓದಬಯಸಿದರೆ ತಡೆಯುವುದಕ್ಕಿಂತ ಹಿರಿಯರೂ ಜೊತೆಯಲ್ಲಿ ಓದುವುದು ಲೇಸು. ಅದಕ್ಕಿಂತ ಚಿಕ್ಕವರ ಕೈಗೆ ಕೊಡತಕ್ಕದ್ದಲ್ಲ, ಏಕೆಂದರೆ ಸ್ತ್ರೀಯರ ಮೇಲಿನ ದೌರ್ಜನ್ಯದ ಪ್ರಸ್ತಾಪಗಳು ಅಲ್ಲಲ್ಲಿ ಬರುತ್ತವೆ. ಮೂರು ಸಂಪುಟಗಳೂ 2007ರಿಂದ ಒಂದೇ ಪುಸ್ತಕವಾಗಿ ಅಚ್ಚಾಗಿವೆ. ವೇಳೆ ಕಡಿಮೆಯಿರುವವರು ಮೊದಲ ಸಂಪುಟದಲ್ಲಿ ಬೆರಿಲ್ ನಗರದ ಅಧ್ಯಾಯವನ್ನೂ ರೇವನ್ ಬಾಲಕಿಯನ್ನು ಬಿಡಿಸುವ ಭಾಗವನ್ನೂ ಓದಿಕೊಂಡು, ನೇರವಾಗಿ ಶೆಡ್‌ನ ಪಾನಗೃಹದ ಬಾಗಿಲಿಗೆ ಹೋಗಬಹುದು.